ಕ್ರಾಂತಿ ಯಾವ ಊರಾಕಿ?

ಮಾಸೂರು,
ತಾ. 9 ಫೆಬ್ರುವರಿ 2025

ಪ್ರೀತಿಯ ಮಗಳು ವಿದ್ಯಾಶ್ರೀಗೆ ನಿಮ್ಮಪ್ಪ ಉಡಚಪ್ಪನ ಆಶೀರ್ವಾದಗಳು.

ಇಲ್ಲಿ ನಾನು ಕ್ಷೇಮ. ನಿಮ್ಮವ್ವ ಕ್ಷೇಮವೋ ಅಲ್ಲವೋ ಎಂದು ಬರೆಯುವ ಧೈರ್ಯ ನನಗಿಲ್ಲ, ಕೇಳುವ ಧೈರ್ಯವಂತೂ ಮೊದಲೇ ಇಲ್ಲ. ನಿನ್ನ ಪತ್ರ ಬಂದು ಹದಿನೈದು ದಿನವಾಯಿತು, ಉತ್ತರ ತಡವಾದದ್ದಕ್ಕೆ ಸಿಟ್ಟಾಗಬೇಡ. ಫೋನಿನಲ್ಲಿ ಹೇಳೋಣವೆಂದರೆ ಮನೆಗೆ ಇರುವುದು ಒಂದೇ ಫೋನು, ಅದು ಸದಾ ನಿಮ್ಮವ್ವನ ಮಡಿಲಲ್ಲಿ. ನೀನು ಮಾಡಿದಾಗಲೆಲ್ಲ ಅಲ್ಲೇ ಗುಂಯ್ ಗುಂಯ್ ಅನ್ನುತ್ತದೆ. "ಯಾರದಬೇ ಫೋನು?" ಎಂದರೆ "ಯಾವುದೋ ಕಂಪನಿದು" ಅನ್ನುತ್ತಾಳೆ. ಮನೆಯಲ್ಲಿ ಕೂತು ಬರೆಯುವುದೂ ಕಷ್ಟ, ಈಗ ಆಕೆಗೆ ಓದಲು ಬರುತ್ತದೆ. ಆದ್ದರಿಂದ ಪಂಚಾಯ್ತಿ ಗ್ರಂಥಾಲಯದಲ್ಲಿ ಕೂತಿದ್ದೇನೆ.

ನೀನು ಕೇಳಿದ್ದು ಮೂರು ಮಾತು. ನಮ್ಮೂರ ಸಮುದಾಯ ಭವನದಲ್ಲಿ ನಿನ್ನ ಸಿನಿಮಾ ತೋರಿಸಿದ ದಿನ ಅವ್ವ ಕೊನೆಗೆ ಯಾಕೆ ಎದ್ದು ಹೋದಳು, ಅಂದಿನಿಂದ ನಿನ್ನ ಕೂಡ ಯಾಕೆ ಮಾತಾಡುತ್ತಿಲ್ಲ, ಬರುವ ತಿಂಗಳು ಹಾನಗಲ್ಲಿನಲ್ಲಿ ಸಿನಿಮಾ ತೋರಿಸುವಾಗ ವೇದಿಕೆಗೆ ಬರುತ್ತಾಳೋ ಇಲ್ಲವೋ. ಹೇಳುತ್ತೇನೆ. ಅದಕ್ಕೂ ಮೊದಲು ನನ್ನ ತಕರಾರು ಕೇಳು.

ನನ್ನ ಪಾತ್ರಕ್ಕೆ ಆ ಹುಡುಗನನ್ನು ಎಲ್ಲಿಂದ ಹಿಡಿದು ತಂದೆ ಮಾರಾಯ್ತಿ? ಆರಡಿ ಎತ್ತರ, ಒಂದೊಂದು ತೋಳೂ ನನ್ನ ತೊಡೆಯಷ್ಟು ದಪ್ಪ. ಎಂಬತ್ತೊಂದರಲ್ಲಿ ನಮ್ಮ ಕೂಲಿಕಾರರ ಸಂಘದಲ್ಲಿ ಅಂಥ ತೋಳು ಒಬ್ಬರಿಗಿದ್ದಿದ್ದರೂ ಹೋರಾಟ ಒಂದೇ ದಿನಕ್ಕೆ ಮುಗಿಯುತ್ತಿತ್ತು. ಮೀಸೆಯಂತೂ ಬಿಡು, ಅದು ನನ್ನದಲ್ಲ, ಯಾವುದೋ ಗೌಡರದು. ಇನ್ನು ಅವನು ಹೆಂಡತಿಗೆ "ಹೋಗಿ ಬರ್ತೀನಿ ಕಣೇ" ಅಂದನಲ್ಲ, ಭವನದಲ್ಲಿ ನಾನು ತಲೆ ಎತ್ತಲಿಲ್ಲ. ನಿಮ್ಮವ್ವನಿಗೆ ನಾನು ಒಂದು ಸಲ "ಕಣೇ" ಅಂದಿದ್ದರೆ "ಇವ್ರಿಗೆ ಗಾಳಿ ಬಡದೈತಿ" ಎಂದು ತಾಯತ ಕಟ್ಟಿಸಿಬಿಡುತ್ತಿದ್ದಳು.

ಆದರೆ ಮದಗದ ಕೆರೆಯ ಕೆಳಗಿನ ಗದ್ದೆಯಲ್ಲಿ ಎಲ್ಲರೂ ಕುಡುಗೋಲು ಕೆಳಗಿಟ್ಟು ನಿಲ್ಲುವುದನ್ನು ಚಲೋ ತೆಗೆದಿದ್ದೀಯ. ನನ್ನ ಪಕ್ಕದಲ್ಲಿ ಬಂದೇಸಾಬ ಮೂಗು ಸೊರಗುಟ್ಟಿಸುತ್ತಿದ್ದ. ಸಂಘ ಕಟ್ಟುವಾಗ ನನಗೆ ಜೋಡಿಯಾದವನು ಅವನೇ, ಆಗ ನಮ್ಮ ಓಣಿಯಲ್ಲಿದ್ದ. ಈಗ ಸವಣೂರಿನಲ್ಲಿ ಎಲೆತೋಟ ನೋಡಿಕೊಂಡಿದ್ದಾನೆ. ಸಿನಿಮಾ ನೋಡಲೆಂದೇ ಹೆಂಡತಿ ನೂರಜಹಾನಳನ್ನು ಕರೆದುಕೊಂಡು, ಸವಣೂರು ಖಾರದ ಪೊಟ್ಟಣ ಹಿಡಿದು ಬಂದಿದ್ದ.

"ಯಾಕೋ, ಅಳಾಕತ್ತೀಯೇನು?" ಎಂದೆ.

"ಇಲ್ಲೋ, ಖಾರ ನೆತ್ತಿಗೇರೈತಿ."

"ಪೊಟ್ಟಣ ಇನ್ನೂ ಬಿಚ್ಚೇ ಇಲ್ಲಲ್ಲೋ!"

ಮುಂದೆ ಬಂತು ನೋಡು, ಊರಿಗೆ ಊರೇ ಹೊಟ್ಟೆ ಹಿಡಿದುಕೊಂಡು ನಕ್ಕ ದೃಶ್ಯ. ನಾನು ಅಂದದ್ದು ನಿಜ: "ಗುತ್ತೆವ್ವಾ, ಇನ್ನ ನಾಕ ದಿನ ತಡಕೋ. ಕ್ರಾಂತಿ ಬರ್ತೈತಿ. ಅದು ಮನಿಗೆ ಬಂತಂದ್ರ ನಿನ್ನ ಕಷ್ಟ ಅರ್ಧ ಹಗರ ಆಗ್ತಾವ." ನಮ್ಮ ಕಡೆ ಸಣ್ಣ ಹುಡುಗಿಯರಿಗೂ ಬರ್ತೈತಿ, ಹೋಗ್ತೈತಿ ಎಂದೇ ಅನ್ನುವುದು ನಿನಗೆ ಗೊತ್ತು. ನಾನು ಎರಡನೇ ಲಗ್ನಕ್ಕೆ ಯಾವುದೋ ಸಣ್ಣ ಹುಡುಗಿಯನ್ನು ನೋಡಿಟ್ಟಿದ್ದೇನೆ, ಅದರ ಹೆಸರು ಕ್ರಾಂತಿ ಎಂದು ಆಕೆ ತಿಳಿದುಬಿಟ್ಟಳು.

ಆದರೆ ನೀನು ತೋರಿಸಿದ ಹಾಗೆ ಆಕೆ ನನ್ನ ಮೇಲೆ ಕಸಬರಿಗೆ ಎಸೆಯಲಿಲ್ಲ. "ಬರ್ಲಿ ಬಿಡ್ರಿ" ಎಂದು ಸುಮ್ಮನೆ ರೊಟ್ಟಿ ಬಡಿಯತೊಡಗಿದಳು. ಬಡಿದ ಸದ್ದು ಓಣಿಯ ಆ ತುದಿಗೆ ಕೇಳಿಸಿತು. ಮುಂದಿನದು ನಿನ್ನ ಸಿನಿಮಾದಲ್ಲಿಲ್ಲ. ನನಗೂ ಗೊತ್ತಿರಲಿಲ್ಲ, ಅವತ್ತು ಸಿನಿಮಾ ನಡೆಯುವಾಗ ನೂರಜಹಾನ ಹೇಳಿದಳು.

ನಾನು ಹೊರಗೆ ಹೋದ ಕೂಡಲೇ ನಿಮ್ಮವ್ವ ಅವರ ಮನೆಗೆ ಹೋಗಿ, "ನೂರಜಹಾನ, ಈ ಕ್ರಾಂತಿ ಅನ್ನಾಕಿ ಯಾವ ಊರಾಕಿ?" ಎಂದು ಕೇಳಿದಳಂತೆ. ಅವಳು ಗಾಬರಿಯಾಗಿ, "ಯಾ ಅಲ್ಲಾ! ನಮ್ಮವ್ರ ಬಾಯಾಗೂ ಅದ ಹೆಸರು. ಇಬ್ಬರಿಗೂ ಒಬ್ಬಾಕಿನ ಏನು?" ಅಂದಳಂತೆ. ಮರುದಿನ ಇಬ್ಬರೂ ಬಸ್ಸು ಹತ್ತಿ ಹಿರೇಕೆರೂರಿನ ಸಂಘದ ಆಫೀಸಿಗೆ ಹೋಗಿದ್ದಾರೆ. ಅಲ್ಲಿ ನಮ್ಮ ಕಾರ್ಯದರ್ಶಿ ಶಿದ್ಲಿಂಗಪ್ಪ ಮಾಸ್ತರು ಪೇಪರಿನಲ್ಲಿ ಮುಖ ಹುದುಗಿಸಿ ಕೂತಿದ್ದರು.

"ಕ್ರಾಂತಿ ಬಂದೈತೇನ್ರಿ?" ನಿಮ್ಮವ್ವ ಕೇಳಿದಳು.

ಮಾಸ್ತರು ಪೇಪರು ಇಳಿಸಲೇ ಇಲ್ಲ. "ಇನ್ನೂ ಎಲ್ಲಿ ಬಂತವ್ವಾ? ಅದರದ ದಾರಿ ಕಾಯಾಕತ್ತೇವಿ."

"ಯಾರ್ಯಾರು ಕಾಯಾಕತ್ತೀರಿ?"

"ಯಾರ್ಯಾರಂತ ಹೇಳ್ಲಿ? ಇಡೀ ದೇಶನ ಕಾಯಾಕತ್ತೈತಿ."

ಆಗ ನೂರಜಹಾನ ನಿಮ್ಮವ್ವನ ರಟ್ಟೆ ಹಿಡಿದು ಹೊರಗೆಳೆದು, "ನಡೀ ಗುತ್ತೆವ್ವಾ, ಇಷ್ಟು ಮಂದಿ ಅದಾರಂದ್ರ ನಮ್ಮವ್ರ ಪಾಳಿ ಬರೂದಿಲ್ಲ" ಅಂದಳಂತೆ.

ಅದು ಹೆಣ್ಣಲ್ಲ, ಬಡವರ ಕಾಲ ಬರುವುದು ಎಂದು ತಿಳಿಸಿ ಹೇಳಲು ನನಗೆ ಮೂರು ದಿನ ಹಿಡಿಯಿತು. ಎಲ್ಲ ಕೇಳಿಸಿಕೊಂಡು ಆಕೆ ಅಂದದ್ದು ಇಷ್ಟೇ: "ಹೆಂಗಸಾಗಿದ್ರ ಚಲೋ ಇತ್ತ್ರಿ. ಒಂದಿನ ಆದ್ರೂ ನೀರು ತರ್ತಿದ್ಲು."

ಜನ ನಕ್ಕಿದ್ದಕ್ಕೆ ಅವ್ವನಿಗೆ ಸಿಟ್ಟು ಬಂತೆಂದು ನೀನು ಬರೆದಿದ್ದೀಯ. ಇಲ್ಲವ್ವಾ. ಅಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕವಳು ಆಕೆಯೇ. ನಕ್ಕು ನಕ್ಕು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆಕೆ ಎದ್ದದ್ದು ಕೊನೆಯ ಮಾತಿಗೆ. ನಿನ್ನ ಪಾತ್ರದ ಹುಡುಗಿ ತಡಸದ ಸೋದರತ್ತೆಯ ಮನೆಯಿಂದ ತಲೆತುಂಬ ಹೇನು ಹೊತ್ತುಕೊಂಡು ಬಂದು ಬಾಗಿಲಲ್ಲಿ ನಿಲ್ಲುತ್ತಾಳೆ. ನಿನ್ನ ದನಿ ಹಿಂದಿನಿಂದ ಬರುತ್ತದೆ: "ಅಪ್ಪ ದಿನಾ ಹೇಳುತ್ತಿದ್ದ. ಆದರೆ ನಮ್ಮ ಮನೆಗೆ ಕ್ರಾಂತಿ ಬರಲೇ ಇಲ್ಲ." ಎಲ್ಲರೂ ಚಪ್ಪಾಳೆ ಹೊಡೆದರು. ನಾನೂ ಹೊಡೆದೆ. ತಿರುಗಿ ನೋಡಿದರೆ ನಿಮ್ಮವ್ವನ ಖುರ್ಚಿ ಖಾಲಿ.

ಯಾಕೆಂದು ಬರೆಯಲೆಂದೇ ಕೂತವನು ಮೀಸೆ, ತೋಳು ಎಂದು ಮೂರು ಹಾಳೆ ತುಂಬಿಸಿಬಿಟ್ಟೆ. ಗ್ರಂಥಾಲಯದವ ಬೀಗ ಹಿಡಿದು ನಿಂತಿದ್ದಾನೆ. ಹಾನಗಲ್ಲಿಗೆ ಹೋಗುವ ಮೊದಲು ಒಮ್ಮೆ ಮನೆಗೆ ಬಾ, ಕ್ಯಾಮರಾ ತರಬೇಡ. ಹೊತ್ತಿಗೆ ಸರಿಯಾಗಿ ಉಣ್ಣು. ನೀನು ಹಿಡಿದ ಕೆಲಸ ಯಾವತ್ತೂ ಮೇಲಾಗಲಿ, ತಾಯಿ.

ನಿಮ್ಮಪ್ಪ,
ಉಡಚಪ್ಪ

ತಾ.ಕ.: ಪಾಕೀಟು ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ಅಂಚೆಪೆಟ್ಟಿಗೆಯ ಪಕ್ಕದ ಕಟ್ಟೆಯ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ.

ನಿನ್ನನ್ನು ಆ ಎರಡು ತಿಂಗಳು ತಡಸಕ್ಕೆ ಕಳಿಸಿದ್ದು ನಿಮ್ಮವ್ವನ ಬಾಣಂತನಕ್ಕಾಗಿ. ನಿನಗೆ ಐದು ವರ್ಷ, ಹೇಳಿರಲಿಲ್ಲ. "ಹೆಣ್ಣಾದ್ರ ಕ್ರಾಂತಿ ಅಂತ ಹೆಸರಿಡ್ತೇನಿ. ನಿಮ್ಮದು ಬರ್ಲಿ ಬಿಡ್ಲಿ, ನನ್ನದಂತೂ ಬರ್ತೈತಿ" ಎಂದು ನನ್ನನ್ನು ಕಾಡಿಸುತ್ತಿದ್ದಳು. ಹೆಣ್ಣೇ ಆಯಿತು. ಹನ್ನೆರಡು ದಿನ ಇತ್ತು. ಮರುದಿನ ತೊಟ್ಟಿಲಿಗೆ ಹಾಕಿ ಹೆಸರು ಕೂಗುವುದಿತ್ತು. ಕೂಸಿಗೆ ಜ್ವರ ಏರಿದೆ ಎಂದು ಬಂದೇಸಾಬ ಎರಡು ಬಸ್ಸು ಬದಲಿಸಿ ಶಿಗ್ಗಾವಿಗೆ ಬಂದಾಗ ನಾನು ಭಾಷಣಕ್ಕೆ ನಿಂತಿದ್ದೆ. "ಹತ್ತು ಮಿನಿಟು, ಮುಗಿಸೇ ಬರ್ತೇನಿ" ಅಂದೆ. ಜನ ಚಪ್ಪಾಳೆ ಹೊಡೆದರು, ನಾನು ಇನ್ನೊಂದು ತಾಸು ಮಾತಾಡಿದೆ. ಬಸ್ಸು ತಪ್ಪಿತು. ಮರುದಿನ ಮನೆ ಮುಟ್ಟಿದಾಗ ಎಲ್ಲರೂ ಮಣ್ಣು ಮಾಡಿ ಬಂದಿದ್ದರು. ಕೂಸಿನ ಮುಖ ಕಡೆಯ ಸಲ ನಾನು ನೋಡಲಿಲ್ಲ. ಜೈಲಿನಲ್ಲಿದ್ದೆ ಎಂದು ಊರಿಗೆ ಹೇಳಿದೆ, ನಿಮ್ಮವ್ವ ಒಂದು ದಿನವೂ ಅಲ್ಲ ಅನ್ನಲಿಲ್ಲ.

ಆಕೆಗೆ ಸಿಟ್ಟು ನಿನ್ನ ಮೇಲಲ್ಲ. ಅವತ್ತು ಭವನದ ಹೊರಗೆ ಚಪ್ಪಲಿ ಮೆಟ್ಟಿಕೊಳ್ಳುತ್ತ, "ನೀವ ಹೇಳ್ರಿ ಆಕಿಗೆ. ಹೇಳೂಮಟ ನಾ ಆಕಿ ಕೂಡ ಮಾತಾಡೂದಿಲ್ಲ" ಅಂದಳು. ಏನು ಹೇಳಲಿ ಎಂದು ಕೇಳಿದೆ.

"ಬಂದಿತ್ತು ಅಂತ ಬರೀರಿ" ಅಂದಳು.

ಬರೆದಿದ್ದೇನೆ.