ದ್ವೇಷವಲ್ಲ, ಮಡಿ

೧೨ ಸೆಪ್ಟೆಂಬರ್ ೧೯೭೩, ಬುಧವಾರ. ಹಲಸೂರು.

ದೇವಕುಮಾರಿ ಇವತ್ತು ನನ್ನ ಜೊತೆ ಊಟಕ್ಕೆ ಕೂರಲಿಲ್ಲ. ಆಫೀಸಿನಲ್ಲಿ ನಾಲ್ಕು ವರ್ಷದಿಂದ ಅವಳದೂ ನನ್ನದೂ ಅಕ್ಕಪಕ್ಕದ ಟೈಪ್‌ರೈಟರು. ಲಿಂಗರಾಜಪುರದ ಬಾಡಿಗೆ ಮನೆಯನ್ನು ಅವಳು ಈ ತಿಂಗಳೇ ಬಿಡಬೇಕು, ಏಳು ತಿಂಗಳ ಬಸುರಿ ಬೇರೆ. ನಮ್ಮ ಹಿತ್ತಿಲ ಕೋಣೆ ಖಾಲಿಯಿದೆ ಎಂದು ಭಾನುವಾರ ಕರೆದುಕೊಂಡು ಬಂದವಳು ನಾನೇ. ಅಮ್ಮ ಕಾಫಿ ಕೊಟ್ಟು, ನಯವಾಗಿಯೇ "ನೀವು ಯಾವ ಜನ ಅಮ್ಮಾ?" ಎಂದು ಕೇಳಿದಳು. ದೇವಿ ಮುಚ್ಚಿಡದೆ ತನ್ನ ಜಾತಿ ಹೇಳಿದಳು. ಕೋಣೆಯನ್ನು ಆಗಲೇ ಬೇರೆಯವರಿಗೆ ಒಪ್ಪಿಕೊಂಡಾಗಿದೆ ಎಂದಳು ಅಮ್ಮ. ಶುದ್ಧ ಸುಳ್ಳು.

ಬೆಳಿಗ್ಗೆ ಆಫೀಸಿನಲ್ಲಿ ನಾನೇ ಮಾತು ತೆಗೆದೆ. "ಅಮ್ಮಂಗೆ ದ್ವೇಷ ಏನಿಲ್ಲ ಕಣೇ. ಅದು ಮಡಿ, ಅಷ್ಟೆ."

ದೇವಿ ಟೈಪ್ ಮಾಡುವುದನ್ನು ನಿಲ್ಲಿಸಿದಳು. "ಮಡಿ ಅನ್ನೋದು ನಿಮ್ಮಮ್ಮ ಉಡೋ ಸೀರೆಗೆ, ಅಲಮೇಲು. ನಂಗೆ ಮನೆ ಇಲ್ಲ ಅಂದಿದ್ದಕ್ಕೂ ಅದೇ ಹೆಸರಾ?"

"ದ್ವೇಷ ಅಂದ್ರೆ ಬೈಯೋದು, ಹೊಡೆಯೋದು. ಅಮ್ಮ ಕಾಫಿ ಕೊಡ್ಲಿಲ್ವಾ?"

"ಕೊಟ್ರು. ಲೋಟ ನಾನೇ ತೊಳೆದಿಟ್ಟು ಬಂದೆ."

ಅಷ್ಟು ಹೇಳಿ ಮತ್ತೆ ಟೈಪ್ ಮಾಡತೊಡಗಿದಳು.

ಮನೆಗೆ ಬಂದು, ಕೋಣೆಯ ವಿಷಯದಲ್ಲಿ ದೇವಿಗೆ ಯಾಕೆ ಸುಳ್ಳು ಹೇಳಿದೆ ಎಂದು ಅಮ್ಮನನ್ನು ಕೇಳಿದೆ. "ನಾನೇನು ಬೈದ್ನಾ ಅವಳನ್ನ?" ಎಂದಳು. ನನ್ನದೇ ವಾದ, ನನ್ನದೇ ಧಾಟಿ.

ಲೋಟ ತೊಳೆಯಲು ಅಮ್ಮ ಹೇಳಿರಲಿಲ್ಲ. ದೇವಿ ಅದನ್ನು ಹಿಡಿದು ಎದ್ದಾಗ ಹಿತ್ತಿಲ ನಲ್ಲಿಯ ಕಡೆ ಕೈ ತೋರಿಸಿದವಳು ನಾನು. ಯೋಚಿಸದೆ ತೋರಿಸಿದೆ. ದೇವಿ ಅದನ್ನು ನೋಡಿದ್ದಳು, ಆದರೆ ಇವತ್ತು ಎತ್ತಿ ಆಡಲಿಲ್ಲ. ಅದಕ್ಕೆ ಏನು ಹೆಸರಿಡಲಿ? ದೀಪ ಆರಿಸು ಎಂದು ಅಮ್ಮ ಕೂಗುತ್ತಿದ್ದಾಳೆ.