ಮೇಲಿನ ಕಂಪ್ಯೂಟರ್ ಪಾಸ್‌ವರ್ಡ್ ಕೇಳುತ್ತಿದೆ

ಏಪ್ರಿಲ್ 7, ಸೋಮವಾರ

ಹಾಲು ಕಾಯಿಸಿಟ್ಟು ಕೆಲಸಕ್ಕೆ ಕುಳಿತೆ. ಬೆಲ್ಲದ ಬಾಗೇವಾಡಿ ಊರಿನ ಮದುವೆಯ ಆಲ್ಬಮ್. ಅರಿಷಿಣದ ಪುಟಗಳು ಮುಗಿದಿವೆ, ಅಕ್ಕಿಕಾಳಿನವು, ಅಕ್ಷತೆ ಹಾಕುವ ಹೊತ್ತಿನವು, ಬಾಕಿ. ಆ ಫೋಟೋಗಳೆಲ್ಲ ಮಹಡಿಯ ಮೇಲೆ, ಭಾವನವರ ಕಂಪ್ಯೂಟರಿನಲ್ಲಿ. ಫೋಲ್ಡರ್ ಒತ್ತಿದರೆ ಯೂಸರ್‌ನೇಮ್, ಪಾಸ್‌ವರ್ಡ್ ಕೇಳುತ್ತಿದೆ. ಇಷ್ಟು ವರ್ಷ ಕೇಳಿದ್ದೇ ಇಲ್ಲ.

ರೂಟರ್ ಆಫ್ ಮಾಡಿ ಆನ್ ಮಾಡಿದೆ. ವೈಫೈ ಸರಿಯಿದೆ. ಮೇಲಿನ ಕಂಪ್ಯೂಟರಿನ ಹೆಸರೂ ಕಾಣುತ್ತಿದೆ. ಒಳಗೆ ಮಾತ್ರ ಬಿಡುತ್ತಿಲ್ಲ.

ಸಂಜೆ

ನಿನ್ನೆ ತಾನೇ ನೆಗೆಣ್ಣಿ, ಭಾವನವರ ಹೆಂಡತಿ ಪದ್ಮಶ್ರೀ ಅಕ್ಕನಿಗೆ ಹೇಳಿದ್ದೆ — ಗೋಕಾಕದ ಆಲ್ಬಮ್ ಲ್ಯಾಬಿನವರು ಕೆಲಸಕ್ಕೆ ಕರೆದಿದ್ದಾರೆಂದು. ಗಂಡನಿಗೆ ಹೇಳದೆ ಇರುತ್ತಾಳೆಯೇ? ಇವತ್ತು ಪಾಸ್‌ವರ್ಡ್.

ಮದುವೆಯಾಗಿ ಬಂದಾಗಿನಿಂದ ಭಾವನವರು ನನ್ನೊಡನೆ ನೇರ ಮಾತಾಡಿದವರಲ್ಲ. ತಮ್ಮನ ಹೆಂಡತಿ, ಮನೆಯ ರೀತಿ ಹಾಗೆ. ಏನಿದ್ದರೂ ಅಕ್ಕನ ಮೂಲಕ. ಕೆಲಸದ ಮಾತೆಲ್ಲ ಫೋಲ್ಡರಿನಲ್ಲೇ. ಅವರು ಫೋಟೋ ತೆಗೆದು ಇಡುತ್ತಾರೆ, ನಾನು ಪುಟ ಮಾಡಿ ನನ್ನ ಫೋಲ್ಡರಿನಲ್ಲಿಡುತ್ತೇನೆ. ತಿದ್ದುವುದಿದ್ದರೆ ಅದನ್ನೇ ಫೈಲಿನ ಹೆಸರಾಗಿ ಬರೆಯುತ್ತಾರೆ: ‘ಅಜ್ಜಿ ಮಾರಿ ಕತ್ತರಿಸಬ್ಯಾಡ’.

ಏಪ್ರಿಲ್ 8

ನಮ್ಮನೆಯವರು ಕಣಗಲಾದಲ್ಲಿ ಡ್ಯೂಟಿಯಲ್ಲಿದ್ದರು. ಫೋನ್ ಮಾಡಿದೆ. ಅಣ್ಣ ಹಾಗೆ ಮಾಡುವವನಲ್ಲ, ಮೇಲೆ ಹೋಗಿ ಕೇಳು ಎಂದರು. ಪೆನ್‌ಡ್ರೈವ್ ಹಿಡಿದು ಹೋಗಬಹುದು. ಕೈ ಚಾಚಿ ನಿಲ್ಲಲಾರೆ.

ಯೂಟ್ಯೂಬ್ ನೋಡಿ ನೆಟ್‌ವರ್ಕ್ ಪ್ರೈವೇಟ್ ಮಾಡಿದೆ, ಶೇರಿಂಗ್ ಆನ್ ಮಾಡಿದೆ, ಫೈರ್‌ವಾಲ್ ತೆಗೆದು ಮತ್ತೆ ಹಾಕಿದೆ. ಏನೂ ಆಗಲಿಲ್ಲ. ಭಾವನವರ ಹೆಸರು, ಫೋನ್ ನಂಬರ್ ಹಾಕಿ ನೋಡಿದೆ. ಕಳ್ಳತನ ಮಾಡಿದಂತೆನಿಸಿ ಕೈ ತೆಗೆದೆ.

ಏಪ್ರಿಲ್ 10, ಮಹಾವೀರ ಜಯಂತಿ

ಬಸದಿಯಲ್ಲಿ ಭಾವನವರು ಪಲ್ಲಕ್ಕಿಯ ಮುಂದೆ ಕ್ಯಾಮೆರಾ ಹಿಡಿದಿದ್ದರು. ಹೆಂಗಸರ ಸಾಲಿನ ಫೋಟೋ ತೆಗೆದರು, ನಾನಿದ್ದ ತುದಿ ಬಿಟ್ಟು. ಅಕ್ಕ ಊಟಕ್ಕೂ ಬೇರೆ ಪಂಕ್ತಿಯಲ್ಲಿ ಕುಳಿತಳು.

ಇನ್ನೇನು ಉಳಿಯಿತು? ಬಸದಿಯ ಹೊರಗೆ ನಿಂತೇ ಗೋಕಾಕಕ್ಕೆ ಫೋನ್ ಮಾಡಿದೆ. ಮಂಗಳವಾರ ಬರುತ್ತೇನೆ ಎಂದೆ.

ಏಪ್ರಿಲ್ 15

ಹೋಗಿ ಬಂದೆ. ತಣ್ಣನೆಯ ಕೋಣೆ, ಸಾಲು ಕಂಪ್ಯೂಟರ್, ಎಲ್ಲರೂ ಹೆಡ್‌ಫೋನ್ ಹಾಕಿ ಕುಳಿತಿದ್ದಾರೆ. ಮುಂದಿನ ತಿಂಗಳಿಂದ ಬರ್ರಿ ಎಂದರು. ಒಪ್ಪಿಕೊಂಡೆ. ಖುಷಿಯಾಗಬೇಕಿತ್ತು... ನಮ್ಮೂರು ಹುಕ್ಕೇರಿ ಬರುವವರೆಗೂ ಬಸ್ಸಿನಲ್ಲಿ ಅಕ್ಕಿಕಾಳಿನ ಪುಟಗಳನ್ನೇ ಮನಸ್ಸಿನಲ್ಲಿ ಜೋಡಿಸುತ್ತ ಬಂದೆ.

ಏಪ್ರಿಲ್ 16

ಬೆಳಿಗ್ಗೆ ಅಕ್ಕ ಕೆಳಗಿಳಿದು ಬಂದಳು. ಕುಳಿತುಕೊಳ್ಳಲಿಲ್ಲ.

“ಹೋಗೂದಿದ್ರ ಹೋಗು ಆರತಿ, ಬ್ಯಾಡ ಅನ್ನಂಗಿಲ್ಲ. ಆದ್ರ ಅವರಿಗೆ ಯಾಕ ಕೀಲಿ ಹಾಕಿದಿ?”

“ನಾ ಎಲ್ಲಿ ಹಾಕೇನಕ್ಕಾ? ಅವರೇ ಹಾಕ್ಯಾರ.”

ಅಕ್ಕ ಈಗ ಕುಳಿತಳು.

ಮೇಲಿನಿಂದ ನನ್ನ ಫೋಲ್ಡರ್ ತೆರೆದರೂ ಪಾಸ್‌ವರ್ಡ್ ಕೇಳುತ್ತಿತ್ತಂತೆ, ಅದೇ ಸೋಮವಾರದಿಂದ. ಆರತಿ ಆಗಲೇ ಗೋಕಾಕದವಳಾದಳು, ಮಾಡಿದ ಪುಟ ಕೊಡಲೂ ಮನಸ್ಸಿಲ್ಲ ಎಂದುಕೊಂಡು ಭಾವನವರು ನೊಂದಿದ್ದರಂತೆ. ಕೆಳಗೆ ನಾನು, ಮೇಲೆ ಭಾವನವರು ಕಂಪ್ಯೂಟರ್ ತೆಗೆದು ನೋಡಿದೆವು. ಭಾನುವಾರ ಎರಡಕ್ಕೂ ವಿಂಡೋಸ್ ಅಪ್‌ಡೇಟ್ ಬಂದಿದೆ. ಪಾಸ್‌ವರ್ಡ್ ಇಲ್ಲದ ಶೇರಿಂಗನ್ನು ಅದೇ ನಿಲ್ಲಿಸಿದೆ. ಯಾರೂ ಏನೂ ಮಾಡಿಲ್ಲ.

ಎರಡು ಕಡೆಯೂ ಹೊಸ ಯೂಸರ್ ಮಾಡಬೇಕಾಯಿತು. ಅಕ್ಕ ಮೆಟ್ಟಿಲ ನಡುವೆ ನಿಂತು ನಾನು ಹೇಳಿದ್ದನ್ನು ಮೇಲೆ, ಅವರು ಕೇಳಿದ್ದನ್ನು ಕೆಳಗೆ ಮುಟ್ಟಿಸುತ್ತಿದ್ದಳು. ಎಲ್ಲ ತಪ್ಪುತಪ್ಪು. ಕೊನೆಗೆ ಭಾವನವರೇ ಇಳಿದು ಬಂದು ಬಾಗಿಲಲ್ಲಿ ನಿಂತರು.

“ಆರತಿ, ಮೊದಲ ದಿನಾನ ಬಂದು ಕೇಳಬೇಕಾಗಿತ್ತು. ನಂದು ತಪ್ಪಾತು.”

“ನಂದೂ ಐತ್ರಿ,” ಎಂದೆ. ಸೆರಗು ಸರಿಮಾಡಿಕೊಳ್ಳಲೂ ನೆನಪಾಗಲಿಲ್ಲ.

ಫೋಲ್ಡರ್ ತೆರೆಯಿತು.

ಏಪ್ರಿಲ್ 17, ಸಂಜೆ

ಅಕ್ಕಿಕಾಳಿನ ಪುಟ ಮುಗಿಸಿ ಇಟ್ಟೆ. ಸ್ವಲ್ಪ ಹೊತ್ತಿಗೆ ಭಾವನವರು ಬಂದರು, ಅಕ್ಕನನ್ನು ಕಳಿಸಲಿಲ್ಲ. ಪುಟ ಚಂದ ಆಗಿವೆ ಎಂದರು. ಹೊರಟವರು ತಿರುಗಿ ನಿಂತರು.

“ಗೋಕಾಕಕ್ಕ ಖರೇನ ಹೊಂಟಿ ಏನವಾ?”

ಆಮೇಲೆ ಹೇಳುತ್ತೇನೆ ಎಂದು ಕಳಿಸಿಬಿಟ್ಟೆ. ಆಗಿನಿಂದ ಅಡುಗೆಮನೆ, ಅಂಗಳ, ಅಡುಗೆಮನೆ. ಸಿಟ್ಟಿನಲ್ಲಿ ಒಪ್ಪಿಕೊಂಡ ಕೆಲಸ. ಸಿಟ್ಟು ಹೋಯಿತು, ಆಸೆ ಹೋಗಿಲ್ಲ. ಹೌದು, ಹೋಗುತ್ತೇನೆ. ಇದನ್ನು ಅಕ್ಕನ ಬಾಯಲ್ಲಿ ಹೇಳಿಸಬಾರದು. ಮೇಲೆ ಅವರು ಕುರ್ಚಿ ಎಳೆದ ಸಪ್ಪಳ. ನಾನೇ ಮೆಟ್ಟಿಲು ಹತ್ತಿ, ಎದುರು ನಿಂತು ಹೇಳಿಬರುತ್ತೇನೆ.