ಕಿಡ್ನಿ ಪಾರ್ಟಿಯ ಪಾದಯಾತ್ರೆ

ಮೆರವಣಿಗೆಗಳಿಗೆ ಅನುಮತಿ ಕೊಡುವ ಮಾನ್ಯ ಅಧಿಕಾರಿಗಳೇ,

ಕಲ್ಯಾಣದುರ್ಗದಿಂದ ನಾಲ್ಕು ದಿನ ನಡೆದು ಬಂದ ನಮ್ಮನ್ನು ನೀವು ಹಿಂದೂಪುರದ ಒಳಗೆ ಬಿಡಲಿಲ್ಲ. ಬಜಾರಿನ ದಾರಿ ತಪ್ಪಿಸಿ ಬೈಪಾಸಿಗೆ ಅಟ್ಟಿದಿರಿ. ಡಯಾಲಿಸಿಸ್ ಮಾಡಿಸಿಕೊಳ್ಳುವ ನನ್ನ ತಂಗಿಯನ್ನು ಮಟಮಟ ಮಧ್ಯಾಹ್ನ ಕಾದ ಡಾಂಬರಿನ ಮೇಲೆ ನಡೆಸಿದಿರಿ. ಇದನ್ನು ಕನ್ನಡದಲ್ಲೇಕೆ ಬರೆಯುತ್ತಿದ್ದೀಯಮ್ಮ ಎಂದು ಕೇಳಬಹುದು. ಹೋದ ಸಲ ತೆಲುಗಿನಲ್ಲೇ ಬರೆದಿದ್ದೆ ಸ್ವಾಮಿ, ನಿಮಗೆ ಅರ್ಥವಾಗಲಿಲ್ಲ. ಈ ಸಲ ನನ್ನ ಮನೆಮಾತಿನಲ್ಲಿ ಬರೆಯುತ್ತೇನೆ. ಓದಿ ಹೇಳುವವರು ನಿಮ್ಮ ಕಚೇರಿಯಲ್ಲೇ ಬೇಕಾದಷ್ಟು ಜನ ಇದ್ದಾರೆ.

ನಾನು ಕಲ್ಯಾಣದುರ್ಗದಲ್ಲಿ ಬಟ್ಟೆ ಹೊಲಿಯುವವಳು. ತಂಗಿ ಅನಿತಾಳನ್ನು ಕುಂದುರ್ಪಿ ಕಡೆಯ ಹಳ್ಳಿಗೆ ಕೊಟ್ಟಿದ್ದೇವೆ. ಅವಳ ಎರಡೂ ಕಿಡ್ನಿ ಕೈಕೊಟ್ಟಿವೆ. ವಾರಕ್ಕೆ ಮೂರು ಸಲ ಬಸ್ಸಿನಲ್ಲಿ ಕಲ್ಯಾಣದುರ್ಗದ ಆಸ್ಪತ್ರೆಗೆ ಬಂದು ರಕ್ತ ಶುದ್ಧ ಮಾಡಿಸಿಕೊಂಡು, ತಲೆ ತಿರುಗುತ್ತಿದ್ದರೂ ಬಸ್ಸಿನಲ್ಲೇ ವಾಪಸ್ಸು ಹೋಗಬೇಕು. ಸೂಜಿ ಹಾಕುವ ಎಡಗೈಗೆ ಏಟು ಬೀಳಬಾರದು, ಯಾರೂ ಅದನ್ನು ಅದುಮಬಾರದು. ನೀವು ನಮ್ಮ ಕಡೆಯ ಬಸ್ಸು ಹತ್ತಿದ್ದೀರಾ? ಒಂದು ಕಾಲಿಡಲು ಜಾಗ ಸಿಕ್ಕರೆ ಇನ್ನೊಂದು ಕಾಲು ಗಾಳಿಯಲ್ಲಿ ಇರುತ್ತದೆ. ಆ ನೂಕಾಟದಲ್ಲಿ ಯಾರದೋ ಮೊಣಕೈ ಬಡಿದು ಅವಳ ಕೈ ಊದಿಕೊಂಡಿತು. ಸೂಜಿ ಹಾಕಲಾಗದೆ ಅವಳು ಉಸಿರಿಗಾಗಿ ಒದ್ದಾಡಿದ್ದನ್ನು ನಾನು ಪಕ್ಕದಲ್ಲೇ ಕೂತು ನೋಡಿದ್ದೇನೆ. ಅವಳಂಥವರು ಕುಂದುರ್ಪಿ, ಕಂಬದೂರು ಸುತ್ತಿನ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಅವರನ್ನೆಲ್ಲ ಆಸ್ಪತ್ರೆಗೆ ಕರೆತಂದು ಮನೆ ಮುಟ್ಟಿಸಲು ಒಂದು ವ್ಯಾನು ಬೇಕು. ನಾವು, ಅವರವರ ಮನೆಯವರು, ನಡೆದದ್ದು ಅದಕ್ಕೆ.

ಹಿಂದೂಪುರದಲ್ಲಿ ಬೆಲ್ಲದ ವ್ಯಾಪಾರ ಮಾಡುವ ಸೀತಾರಾಮಪ್ಪನವರು ಈ ಉಪಾಯ ಹೇಳಿಕೊಟ್ಟಿದ್ದರು. “ನಡ್ಕೊಂಡು ಬನ್ರಮ್ಮ. ಬಜಾರಲ್ಲಿ ಒಂದೊಂದ್ ಅಂಗಡಿ ಮುಂದೇನೂ ನಿಂತ್ಕೊಂಡ್ ಕೇಳಿ. ಎಲ್ರೂ ನೋಡ್ತಿರೋವಾಗ ಇಲ್ಲ ಅನ್ನಕ್ಕೆ ಯಾವ ಸಾವ್ಕಾರಂಗೂ ಬಾಯಿ ಬರಲ್ಲ. ಮೊದ್ಲು ನಾನೇ ಕೊಡ್ತೀನಿ” ಎಂದಿದ್ದರು. ಪಾನಕ ಮಾಡಿಸಿಡುತ್ತೇನೆ ಎಂದೂ ಹೇಳಿದ್ದರು.

ಹಾಗಾಗಿ ನಿಮಗೆ ಅರ್ಜಿ ಬರೆದೆ. ಮೇಲೆ ದಪ್ಪ ಅಕ್ಷರದಲ್ಲಿ ‘ಪಾದಯಾತ್ರ’ ಎಂದು ಬರೆದೆ. ನಮ್ಮ ಮನೆಯಲ್ಲಿ ಹರಕೆ ಹೊತ್ತು ದೇವರಿಗೆ ನಡೆದು ಹೋದರೂ ಪಾದಯಾತ್ರೆಯೇ. ನಿಮ್ಮ ಕಚೇರಿಯಲ್ಲಿ ಮಾತ್ರ ಆ ಪದಕ್ಕೆ ಒಂದೇ ಅರ್ಥ: ಓಟು ಕೇಳುವವರು ನಡೆಯುವುದು. ಕೆಳಗಿನ ಸಾಲಲ್ಲೇ ಡಯಾಲಿಸಿಸ್, ವ್ಯಾನು ಎಲ್ಲ ಇತ್ತು. ಅಲ್ಲಿಯವರೆಗೆ ಕಣ್ಣು ಇಳಿಸಲು ನಿಮಗೆ ಪುರುಸೊತ್ತಿರಲಿಲ್ಲ.

ನಿಮ್ಮ ಗುಮಾಸ್ತರು ಅರ್ಜಿ ನೋಡುತ್ತಲೇ, “ನಾಯಕುಡು ಎವರಮ್ಮಾ?” ಎಂದರು. ಮುಂದೆ ನಡೆಯುವವರು ಯಾರೆಂದು ಕೇಳುತ್ತಿದ್ದಾರೆ ಅಂದುಕೊಂಡು “ಅನಿತಾ” ಎಂದೆ. “ಏ ಪಾರ್ಟೀ?” ಎಂದರು. ಜೊತೆಗೆ ಬಂದಿದ್ದ ನಮ್ಮ ಬೀದಿಯ ಆಟೋ ಅಂಜಿಗೆ ತಮಾಷೆ ಜಾಸ್ತಿ. “ಕಿಡ್ನೀ ಪಾರ್ಟೀ ಸಾರ್” ಎಂದುಬಿಟ್ಟ. ನಾನು ನಕ್ಕೆ. ಗುಮಾಸ್ತರು ನಗಲಿಲ್ಲ, ಬರೆದುಕೊಂಡರು. ಹೊಸ ಪಕ್ಷವೊಂದು ಹುಟ್ಟಿದ್ದು ಹೀಗೆ. ಇಷ್ಟು ಸುಲಭವೆಂದು ಗೊತ್ತಿದ್ದರೆ ಚಿಹ್ನೆಯನ್ನೂ ಕೇಳುತ್ತಿದ್ದೆವು.

ಅನಿತಾ ಇಡೀ ದಾರಿ ನಡೆಯುವವಳಲ್ಲ. ಊರ ಬಾಗಿಲಿಂದ ಬಜಾರಿನವರೆಗೆ ನಿಧಾನವಾಗಿ ನಡೆಯಲಿ ಎಂದು ಡಾಕ್ಟರು ಒಪ್ಪಿದ್ದರು. ಬೇಡವೆಂದು ನಾನೇ ಗೋಗರೆದೆ. “ನನ್ ಮುಖ ನೋಡ್ದೆ ಯಾರ್ ಯಾಕ್ ಕೊಡ್ತಾರೆ ಹೇಳು? ನಾನು ಬಂದೇ ಬತ್ತೀನಿ ಕಣಕ್ಕ” ಎಂದಳು. ಪೆನುಕೊಂಡ ದಾಟಿ ನಾವು ಹಿಂದೂಪುರ ಮುಟ್ಟುವಷ್ಟರಲ್ಲಿ ಅಂಜಿಯ ಆಟೋದಲ್ಲಿ ಬಂದು, ಹೊಸ ಸೀರೆ ಉಟ್ಟು, ಹೂ ಮುಡಿದು ನಿಂತಿದ್ದಳು. ನಾವು ಹತ್ತು ಹೆಜ್ಜೆ ಇಟ್ಟಿಲ್ಲ, ನಿಮ್ಮ ಬಂದೋಬಸ್ತು ಬಂತು. ಮುಂದೊಂದು ಜೀಪು, ಹಿಂದೊಂದು ಜೀಪು, ಅಕ್ಕಪಕ್ಕ ಹಗ್ಗ. ಆಟೋ ಹಿಂದೆ ಉಳಿಯಿತು. ನಿಲ್ಲುವಂತಿಲ್ಲ, ಕೂರುವಂತಿಲ್ಲ, ಬೈಪಾಸು ದಾಟಿಸುವವರೆಗೆ ನಡೆಯಬೇಕು. ಹಗ್ಗ ಹಿಡಿದ ಪೇದೆಗೆ ಅವಳ ಕೈ ತೋರಿಸಿ ಅಂಗಲಾಚಿದೆ. “ಪೈನಿಂದ ಆರ್ಡರಮ್ಮ, ನಾನೇನ್ ಮಾಡ್ಲಿ” ಎಂದ. ಮೇಲೆ ಅಂದರೆ ನೀವು.

ಅವಳು ಬೈಪಾಸಿನ ಪಕ್ಕ ಕುಸಿದು ಕೂತಳು. ಮುಖವೆಲ್ಲ ಬೆವರು. ಲಾರಿಯವನೊಬ್ಬ ತಣ್ಣಗಿನ ನೀರಿನ ಬಾಟಲಿ ಕೊಟ್ಟ. ನಿಮಗೆ ಗೊತ್ತಿರಲಿಕ್ಕಿಲ್ಲ, ಅವಳಿಗೆ ನೀರೂ ಲೆಕ್ಕದ್ದು. ಹೊಟ್ಟೆ ತುಂಬ ಕುಡಿಯುವ ಹಾಗಿಲ್ಲ. ತುಟಿ ಒದ್ದೆ ಮಾಡಿಕೊಂಡು ಬಾಟಲಿ ನನಗೆ ಕೊಟ್ಟಳು. ನನಗೂ ಬಾಯಾರಿತ್ತು, ಅವಳ ಎದುರು ಕುಡಿಯಲಾಗಲಿಲ್ಲ. “ನಮ್ಮುನ್ನ ಯಾರೂ ನೋಡ್ಲೇ ಇಲ್ವಲ್ಲಕ್ಕ” ಎಂದಳು. ಆಗ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ, ಇಳಿಸಿಕೊಳ್ಳುವ ಮನಸ್ಸೂ ಇಲ್ಲ.

ಮಾರನೆಯ ದಿನ ನಿಮ್ಮ ಮುಂದೆ ಬಂದು ನಿಂತೆ. ನೀವು ಅರ್ಜಿಯ ಮೇಲೆ ಬೆರಳಿಟ್ಟು, “ಮೀರೇ ಕದಮ್ಮಾ ರಾಸಿಂದಿ” ಎಂದಿರಿ. ನೀವೇ ತಾನೇ ಬರೆದದ್ದು, ಅಂತ. ಹೌದು, ನಾನೇ ಬರೆದದ್ದು. ಬರೆಯುವುದು ನನ್ನ ಕೆಲಸವಾದರೆ ಓದುವುದು ಯಾರ ಕೆಲಸ? ಊದಿದ ಮುಖದ ಹೆಂಗಸೊಬ್ಬಳು ಕೈ ಎದೆಗೊತ್ತಿಕೊಂಡು ನಡೆಯುವಾಗ, ಇದು ಪಕ್ಷವೋ ರೋಗವೋ ಎಂದು ಕೇಳಲು ಎರಡು ಜೀಪಿನಲ್ಲಿ ಒಬ್ಬರಿಗೂ ತೋಚಲಿಲ್ಲವೇ?

ಬೈಪಾಸಿನ ಬಿಸಿಲನ್ನಾದರೂ ಮರೆತೇನು, ಇದನ್ನು ಮರೆಯಲಾರೆ. ಅದೇ ಹೊತ್ತಿಗೆ ನಿಮ್ಮವರು ಬಜಾರಿಗೆ ಹೋಗಿ, ಪಾರ್ಟಿಯವರು ಬರುತ್ತಿದ್ದಾರೆ, ಅಂಗಡಿ ಮುಚ್ಚಿ ಎಂದರಂತೆ. ಪಾನಕ ಚರಂಡಿ ಸೇರಿತು. ಈಗ ಸೀತಾರಾಮಪ್ಪನವರಿಗೆ ಫೋನು ಮಾಡಿದರೆ, “ಬೇಜಾರ್ ಮಾಡ್ಕೋಬ್ಯಾಡ ಕಣಮ್ಮ. ಒಂದ್ ಪಾರ್ಟಿಗೆ ಕೊಟ್ರೆ ನಾಳೆ ಇನ್ನೊಂದ್ ಪಾರ್ಟಿಯೋರು ಬಂದ್ಬುಡ್ತಾರೆ” ಎನ್ನುತ್ತಾರೆ. ಪಾರ್ಟಿ ಅಲ್ಲ ಅಣ್ಣ ಎಂದರೆ, ಪೊಲೀಸರೇ ಹೇಳಿದರಲ್ಲಮ್ಮ ಎನ್ನುತ್ತಾರೆ. ಸರ್ಕಾರದ ಮಾತಿನ ಮುಂದೆ ದರ್ಜಿಯ ಮಾತನ್ನು ಯಾರು ನಂಬುತ್ತಾರೆ? ವ್ಯಾನು ಬರಲಿಲ್ಲ. ಅನಿತಾ ಇವತ್ತೂ ಬಸ್ಸಿನಲ್ಲೇ ಬಂದಳು, ನಿಂತುಕೊಂಡು.

ನನಗೆ ನಿಮ್ಮ ವಿಷಾದ ಬೇಡ, ತನಿಖೆ ಬೇಡ. ನಾವು ಮತ್ತೆ ಬರುತ್ತೇವೆ, ಈ ಸಲ ಅರ್ಜಿಯಲ್ಲಿ ಬರೀ ‘ನಡಿಗೆ’ ಎಂದು ಬರೆಯುತ್ತೇನೆ. ನೀವು ನಮ್ಮ ಜೊತೆ ಬಜಾರಿನಲ್ಲಿ ನಡೆಯಬೇಕು. ಒಂದೊಂದು ಅಂಗಡಿಯ ಮುಂದೂ ನಿಂತು, ಇವರು ಯಾವ ಪಕ್ಷದವರೂ ಅಲ್ಲ, ತಪ್ಪು ನನ್ನದು ಎಂದು ನಿಮ್ಮ ಬಾಯಿಂದಲೇ ಹೇಳಬೇಕು. ಜೀಪು ಬೇಡ, ಹಗ್ಗ ಬೇಡ. ನೀವು ಅನಿತಾಳ ಎಡಗಡೆಗೆ ನಡೆಯಿರಿ. ಆ ಕೈ ಯಾರಿಗೂ ತಾಗದಂತೆ ನೋಡಿಕೊಳ್ಳಿ. ನಮಗೆ ಅಷ್ಟು ಬಂದೋಬಸ್ತು ಸಾಕು.

ಇಂತಿ,
ಕೇಳದೆಯೇ ರಾಜಕೀಯಕ್ಕೆ ಸೇರಿಸಲ್ಪಟ್ಟ,
ಅಂಗಾಲಿನ ಬೊಬ್ಬೆ ಇನ್ನೂ ಒಣಗದ,
ಆದೆಮ್ಮ
ಟೈಲರ್, ಕಲ್ಯಾಣದುರ್ಗ